ತಲೆಕೆಳಗಾದ ಟಗರು

ಮಾಗಡಿ ಹತ್ತಿರದ ವಿಶ್ವವಿದ್ಯಾಲಯದ ಪುಟ್ಟ ವೀಕ್ಷಣಾಲಯವನ್ನು ಊರವರಿಗೂ ತೆರೆದ ಮೊದಲ ಸಂಜೆ, ಬಹಳ ಹೊತ್ತು ಒಂದು ನರಪಿಳ್ಳೆಯೂ ಅತ್ತ ಸುಳಿಯಲಿಲ್ಲ. ಖಗೋಳ ಪಾಠ ಹೇಳುವ ಕೆಹಕಶಾನ್ ಸುತ್ತಲ ಹಳ್ಳಿಗಳಿಗೆಲ್ಲ ಕರಪತ್ರ ಹಂಚಿಸಿ, ಹೊಸ ಸೀರೆಯುಟ್ಟು ಬಂದಿದ್ದಳು. ಅವಳ ಹೆಸರಿನ ಅರ್ಥವೇ ಆಕಾಶಗಂಗೆ. ಚನ್ನಪಟ್ಟಣದ ಅವಳಪ್ಪ ಅಂಥ ಹೆಸರಿಟ್ಟ ಮೇಲೆ ಮಗಳು ಬೇರೇನು ಓದಿಯಾಳು!

ಕೊನೆಗೆ, ಇನ್ನೇನು ಹೊತ್ತು ಮುಳುಗಬೇಕು ಅನ್ನುವಾಗ, ಪಕ್ಕದ ಹಳ್ಳಿಯ ಪುಟ್ಟಲಿಂಗಯ್ಯ ಹೆಗಲಿಗೆ ಕಂಬಳಿ ಹಾಕಿಕೊಂಡು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ. ಕೆಹಕಶಾನ್‌ಗೆ ಹಿಗ್ಗೋ ಹಿಗ್ಗು.

"ಬನ್ನಿ ಯಜಮಾನ್ರೇ! ಏನು ನೋಡ್ತೀರಾ? ಚಂದ್ರನ್ನಾ?"

"ಚಂದ್ರ ಎಲ್ಲೋಯ್ತಾನವ್ವ? ನನ್ ಟಗರು ಕಾಣೆಯಾಗೈತೆ. ಆ ಗುಡ್ಡದ ಕಡೆ ಒಸಿ ತಿರುಗ್ಸು."

ಇದು ನಕ್ಷತ್ರ ನೋಡುವ ದೂರದರ್ಶಕ ಎಂದು ಅವಳು ಎಷ್ಟು ಹೇಳಿದರೂ ಆತ ಜಗ್ಗಲಿಲ್ಲ. "ಅಷ್ಟ್ ದೂರದ್ದು ಕಾಣ್ತದೆ, ಹತ್ರದ್ದು ಕಾಣಾಕಿಲ್ವಾ?" ಅಂದ. ಬಂದವನೇ ಒಬ್ಬ, ಅವನನ್ನೂ ಓಡಿಸುವುದು ಹೇಗೆ? ವಿದ್ಯಾರ್ಥಿಗಳು ಗುಮ್ಮಟವನ್ನು ತಳ್ಳಿ ತಿರುಗಿಸಿದರು. ಕೆಹಕಶಾನ್ ಬಂಡೆ ಬಂಡೆಯನ್ನೂ ಸೋಸಿ ನೋಡಿ, ಕೊನೆಗೆ ಕೂಗಿದಳು: "ಸಿಕ್ತು!"

ಪುಟ್ಟಲಿಂಗಯ್ಯ ಕಣ್ಣಿಟ್ಟವನೇ ಎದೆ ಬಡಿದುಕೊಂಡ. "ಅಯ್ಯೋ, ಸತ್ತೋಗ್ಬುಟ್ಟೈತೆ ಕಣವ್ವ! ನಾಕು ಕಾಲೂ ಮೇಲಕ್ಕೈತೆ!"

"ಅಳ್ಬೇಡಿ! ಈ ದೂರದರ್ಶಕದಲ್ಲಿ ಎಲ್ಲಾ ತಲೆಕೆಳಗಾಗೇ ಕಾಣೋದು."

ಆತ ಕಣ್ಣೊರೆಸಿಕೊಂಡು ಮತ್ತೆ ನೋಡಿದ. "ಸತ್ತ್ ಬಿದ್ದಿದ್ರೆ ನೆಟ್ಟಗೆ ನಿಂತಂಗೆ ಕಾಣ್ತಿತ್ತಾ?" ಎಂದು ಅನುಮಾನಿಸಿದ. ಅಷ್ಟರಲ್ಲಿ ಮುಖವರಳಿತು. "ಹೇ, ಮೇಯ್ತಾ ಐತೆ! ತಲೆಕೆಳಗಾಗಿದ್ರೂ ಹೆಂಗ್ ಮೇಯ್ತಾ ಐತೆ ನೋಡು, ಹೊಟ್ಟೆಬಾಕ!"

ಮುಂದಿನ ವಾರ ವೀಕ್ಷಣಾಲಯದ ಮುಂದೆ ಜಾತ್ರೆಯಂಥ ಜನ. ಒಬ್ಬರಿಗೆ ತಪ್ಪಿಸಿಕೊಂಡ ಹಸು ಬೇಕು, ಇನ್ನೊಬ್ಬರಿಗೆ ತೆಂಗಿನಕಾಯಿ ಕದಿಯುವವನು ಯಾರೆಂದು ತಿಳಿಯಬೇಕು. ಕೆಹಕಶಾನ್ ಸೆರಗು ಸಿಕ್ಕಿಸಿ ಬಾಗಿಲಿಗೆ ಅಡ್ಡ ನಿಂತಳು: "ಮೊದಲು ಎಲ್ಲರೂ ಚಂದ್ರನ್ನ ನೋಡ್ಬೇಕು. ಮಿಕ್ಕಿದ್ದು ಆಮೇಲೆ."

ಸಾಲಿನಲ್ಲಿ ಮೊದಲು ನಿಂತಿದ್ದವಳು ಪುಟ್ಟಲಿಂಗಯ್ಯನ ಹೆಂಡತಿ ಪುಟ್ಟಗೌರಮ್ಮ. ಕಣ್ಣಿಟ್ಟವಳು ಅಲುಗಾಡಲಿಲ್ಲ. ಹಿಂದಿನವರು ಗೊಣಗಿದರು. ಗಂಡ ಸೆರಗೆಳೆದ. ಅವಳು ಅವನ ಕೈಗೆ ಪಟ್ಟನೆ ಹೊಡೆದಳು.

"ಹೇಗಿದೆಯಮ್ಮಾ?" ಕೆಹಕಶಾನ್ ಮೆಲ್ಲಗೆ ಕೇಳಿದಳು.

"ಎಂಥಾ ಚೆಂದ ತಾಯಿ! ಆದ್ರೆ ಮೇಯಾಕೆ ಒಂದ್ ಕಡ್ಡಿ ಹುಲ್ಲಿಲ್ಲ."

ಕೆಹಕಶಾನ್ ನಕ್ಕಳು. ಸ್ಟೂಲು ತಂದು ಅವಳನ್ನು ಕೂರಿಸಿ, ಸಾಲಿನವರಿಗೆ ಕಾಯಿರಿ ಅಂದಳು.