ಸ್ಟ್ರಿಕ್ಟ್ ಎಂಬ ಮಾತಿಗೆ ಐದು ವಾಕ್ಯ

ಬೆಂದ ಅಕ್ಕಿಯುಂಡೆಗಳಲ್ಲಿ ಇನ್ನೂ ಎಂಟು ಉಳಿದಿದ್ದವು. ಆರಿದರೆ ಎಳೆ ಬರುವುದಿಲ್ಲ. ಪ್ರಫುಲ್ಲಾ ಒಂದೊಂದನ್ನೇ ಶ್ಯಾವಿಗೆ ಮಣೆಗೆ ತುಂಬಿ, ಮೈಭಾರವನ್ನೆಲ್ಲ ಹಿಡಿಯ ಮೇಲೆ ಹಾಕಿ ಒತ್ತುತ್ತಿದ್ದಳು. ಕಾಂದಿವಲಿಯ ಆ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಹೆಚ್ಚು. ಮೊಮ್ಮಗಳು ಯಕ್ಷಿತಾ ಹೊಸಿಲಲ್ಲೇ ನೋಟ್‌ಬುಕ್ ಬಿಡಿಸಿಕೊಂಡು ಕೂತಿದ್ದಳು.

"ಅಜ್ಜಿ, ಟೀಚರ್ ಒಂದು ವರ್ಡ್ ಕೊಟ್ಟಿದ್ದಾರೆ. ಸ್ಟ್ರಿಕ್ಟ್. ಮೀನಿಂಗ್ ಬರೀಬೇಕು, ಫಿರ್ ಐದು ಸೆಂಟೆನ್ಸ್."

"ಅದಕ್ಕೆಂತ ಮೀನಿಂಗ್ ಮಾರಾಯ್ತಿ? ನನಗೂ ಗೊತ್ತುಂಟು ಅದು."

ಉಡುಪಿಯ ಕಡೆಯಿಂದ ಬರುವಾಗ ಅವಳು ಓದಿದ್ದು ಏಳನೇ ಕ್ಲಾಸು. ಈ ಮಾತನ್ನು ಕಲಿತದ್ದು ಮುಂಬಯಿಯಲ್ಲಿ, ಊರಿನವರ ಸಂಘದ ಸಭೆಗಳಲ್ಲಿ. ಹೆಣ್ಣು ಕೇಳಲು ಬಂದವರಿಗೆ "ಮನೆಯವರು ಸ್ಟ್ರಿಕ್ಟ್" ಎಂದರೆ ಸಾಕಿತ್ತು, ಹುಡುಗಿಯ ಬಗ್ಗೆ ಮತ್ತೇನೂ ಕೇಳುತ್ತಿರಲಿಲ್ಲ. "ಪ್ರಫುಲ್ಲಕ್ಕ ಭಾರೀ ಸ್ಟ್ರಿಕ್ಟ್" ಎಂದು ಯಾರಾದರೂ ಹೇಳಿದ ದಿನ ಅವಳು ಮನೆಗೆ ಬರುವಾಗ ಬೆನ್ನು ನೆಟ್ಟಗಿರುತ್ತಿತ್ತು.

ಯಕ್ಷಿತಾ ಬರೆದದ್ದನ್ನು ಓದಿ ಹೇಳಿದಳು. "ಒಂದು, ನಮ್ಮ ಪ್ರಿನ್ಸಿಪಾಲ್ ಸ್ಟ್ರಿಕ್ಟ್. ಎರಡು, ಪಪ್ಪನಿಗೆ ಡಾಕ್ಟರ್ ಸ್ಟ್ರಿಕ್ಟ್ ಡಯಟ್ ಕೊಟ್ಟಿದ್ದಾರೆ."

"ಸ್ಟೇಷನ್ ಹೊರಗೆ ನಿಂತು ವಡಾಪಾವ್ ತಿನ್ನುವ ಡಯಟ್ಟಾ?"

"ಅಜ್ಜಿ! ಮೂರು, ಕೆಳಗಿನ ಆಂಟಿ ಸ್ಟ್ರಿಕ್ಟ್ ವೆಜಿಟೇರಿಯನ್. ನಾಲ್ಕು ಬೆಳಿಗ್ಗೆ ಮಮ್ಮಿ ಹೇಳಿದ್ದು. ಕನ್ನಡದಲ್ಲಿ ಹೇಗೆ ಹೇಳೋದು… ಅಮ್ಮ ಸ್ಟ್ರಿಕ್ಟ್ ಇದ್ರೆ ಮಕ್ಕಳು ಝೂಟ್, ಅದೇ ಸುಳ್ಳು, ಹೇಳೋದು ಚೆನ್ನಾಗಿ ಕಲೀತಾರೆ. ಮಮ್ಮಿ ನಗ್ತಾ ಹೇಳಿದ್ಳು, ಆದ್ರೆ ಬರೀಬೇಡ ಅಂದ್ಳು. ಐದನೇದು ಇನ್ನೂ ಸಿಕ್ಕಿಲ್ಲ."

ಪ್ರಫುಲ್ಲಾ ಮುಂದಿನ ಉಂಡೆಯನ್ನು ಮಣೆಗೆ ಹಾಕಿದಳು. ಒತ್ತಲು ಕೈ ಬರಲಿಲ್ಲ.

ಯಕ್ಷಿತಾಳ ಅಮ್ಮ ಸೇವಂತಿಗೆ ಇನ್ನೂ ಮದುವೆಯಾಗದ, ಪ್ರಫುಲ್ಲಾಳ ಗಂಡ ಹೋಟೆಲಿನಲ್ಲಿ ಕೆಲಸಕ್ಕಿದ್ದ ಕಾಲ ಅದು. ಯಾವ ಸ್ಟೇಷನ್ನಿನಲ್ಲಿ ಇಳಿದರೂ ಹತ್ತಿರದಲ್ಲೇ ಊರಿನವರದೊಂದು ಹೋಟೆಲು, ಗಲ್ಲಾದಲ್ಲಿ ಊರಿನವರೊಬ್ಬರು. "ನನ್ನ ಸೇವಂತಿ ಕಂಡರೆ ಒಂದು ಫೋನ್ ಮಾಡಿ" ಎಂದು ಅವರಿಗೆಲ್ಲ ಹೇಳಿಟ್ಟಿದ್ದಳು. ಇಷ್ಟು ದೊಡ್ಡ ಊರಿನಲ್ಲಿ ಮಗಳ ಮೇಲೆ ಅಷ್ಟು ಕಣ್ಣುಗಳಿರುವುದು ದೇವರು ಕೊಟ್ಟ ಅನುಕೂಲ ಎಂದುಕೊಂಡಿದ್ದಳು. ಒಂದು ಮಧ್ಯಾಹ್ನ ಅಂಧೇರಿಯ ಹೋಟೆಲಿನ ಗಲ್ಲಾದಿಂದ ಅಂಗಾರಣ್ಣನ ಫೋನು ಬಂತು. ಸೇವಂತಿ ಯಾರೋ ಹುಡುಗನ ಜೊತೆ ಮಸಾಲೆದೋಸೆ ತಿನ್ನುತ್ತಿದ್ದಾಳಂತೆ. ಪ್ರಫುಲ್ಲಾ ಹೋದಳು. ತುಂಬಿದ ಹೋಟೆಲಿನಲ್ಲಿ ಮಗಳ ಎಂಜಲು ಕೈಯನ್ನೇ ಹಿಡಿದು ಎಬ್ಬಿಸಿದಳು.

ಬರುವಾಗ ಲೋಕಲ್‌ನಲ್ಲಿ ಸೇವಂತಿ ಹೇಳಿದ್ದಳು: ಏರ್‌ಪೋರ್ಟಿನಲ್ಲಿ ಕೆಲಸ ಸಿಕ್ಕಿದೆ, ಫಾರ್ಮು ತುಂಬಿಸಿಕೊಟ್ಟದ್ದು ಆ ಹುಡುಗ, ಅದಕ್ಕೆ ದೋಸೆ ಕೊಡಿಸಿದೆ. ಪ್ರಫುಲ್ಲಾಗೆ ಎಲ್ಲವೂ ಕೇಳಿಸಿತ್ತು. ಕೇಳಿಸಿಯೂ ಕಿಟಕಿಯ ಹೊರಗೆ ನೋಡುತ್ತಾ "ಕೆಲಸವೂ ಬೇಡ, ಎಂತದೂ ಬೇಡ" ಎಂದಿದ್ದಳು. ವರ್ಷದೊಳಗೆ ಮದುವೆ. ಅಳಿಯ ಅನಿಲ ಒಳ್ಳೆಯವನೇ. ಆದರೆ ಸೇವಂತಿ ಮತ್ತೆ ಯಾವತ್ತೂ ಊರಿನವರ ಹೋಟೆಲಿನ ಮೆಟ್ಟಿಲು ಹತ್ತಲಿಲ್ಲ. ತಂದೆ ತೀರಿಕೊಂಡ ಮೇಲೆ ತಾಯಿಯನ್ನು ತನ್ನ ಮನೆಗೆ ಕರೆದುಕೊಂಡಳು; ಮಗುವನ್ನು ನೋಡಿಕೊಳ್ಳಲು ಜನವಾದಾಗ ಬೈಕುಲ್ಲಾದ ಗೋಡೌನಿನಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದಳು. ತಾಯಿಯ ಮಾತ್ರೆ, ಕನ್ನಡಕ, ಊರಿನ ಟಿಕೆಟು ಯಾವುದನ್ನೂ ಅವಳು ಮರೆಯುತ್ತಿರಲಿಲ್ಲ. ತನ್ನ ಮನಸ್ಸಿನದನ್ನು ಮಾತ್ರ ಹೇಳುತ್ತಿರಲಿಲ್ಲ.

ಒಲೆಯ ಪಕ್ಕದಲ್ಲಿ ಮೊಬೈಲು ಹೊಡೆದುಕೊಂಡಿತು.

"ಪ್ರಫುಲ್ಲಕ್ಕ, ನಾನು ಅಂಗಾರ. ನಿಮ್ಮ ಸೇವಂತಿ ಇವತ್ತು ಅಂಧೇರಿಗೆ ಬಂದಿದ್ದಾಳಾ?"

"ಇಲ್ಲವಲ್ಲ ಅಂಗಾರಣ್ಣ. ಗೋಡೌನಿನಲ್ಲಿ ಸ್ಟಾಕ್ ತೆಗೆಯುವುದುಂಟು, ಲೇಟಾಗ್ತದೆ ಅಂತ ಹೇಳಿ ಹೋಗಿದ್ದಾಳೆ."

"ಅಲ್ಲ, ನಮ್ಮ ಎದುರಿನ ಜ್ಯೂಸ್ ಸೆಂಟರಿನಲ್ಲಿ ಕೂತಿದ್ದಾಳೆ. ಒಬ್ಬ ಗಂಡಸು, ಮೇಜಿನ ತುಂಬ ಕಾಗದ. ನಗಾಡುವುದೇನು! ನನಗೆಂತಕ್ಕೆ ಅಂತ ಸುಮ್ಮನಿರುವವನಿದ್ದೆ. ಮತ್ತೆ, ನಿಮ್ಮ ಮನೆ ಸ್ಟ್ರಿಕ್ಟ್ ಅಲ್ವಾ, ಹಾಗಾಗಿ ಮಾಡಿದೆ."

ಹೊರಡಲು ಎಷ್ಟು ಹೊತ್ತು? ಸ್ಟೇಷನ್ನಿಗೆ ರಿಕ್ಷಾ, ಅಲ್ಲಿಂದ ಲೋಕಲ್. ಹಳೆಯ ಅಭ್ಯಾಸ ಕಾಲಿಗೆ ಬಂದೇಬಿಟ್ಟಿತು. ಕೈ ಒರೆಸಿಕೊಂಡು ಬಾಗಿಲ ತನಕ ಹೋದಳು. ಮೆಟ್ಟು ಹಾಕಿಕೊಳ್ಳುವಾಗ ಅಂಗಾರಣ್ಣ ಹೇಳಿದ ಒಂದು ಮಾತು ಅವಳನ್ನು ಹಿಡಿದು ನಿಲ್ಲಿಸಿತು. ಸೇವಂತಿ ನಗುತ್ತಿದ್ದಳಂತೆ. ಈ ಮನೆಯಲ್ಲಿ ತನ್ನೆದುರು ಅವಳು ಬಾಯಿತುಂಬ ನಕ್ಕದ್ದು ಯಾವಾಗ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮೆಟ್ಟು ಕಳಚಿಟ್ಟು ಒಳಗೆ ಬಂದಳು. ಉಂಡೆಗಳು ಆರಿದ್ದವು.

ಏಳು ಗಂಟೆಗೆ ಅನಿಲ ಬಂದ. ಶರ್ಟಿನ ಗುಂಡಿ ಬಿಚ್ಚುತ್ತಾ ಕೇಳಿದ. "ಅತ್ತೆ, ಸೇವಂತಿ ಫೋನ್ ಎತ್ತುತ್ತಾ ಇಲ್ಲ. ನಿಮಗೇನಾದ್ರೂ ಮಾಡಿದ್ಲಾ?"

"ಹೌದು, ಬೈಕುಲ್ಲಾದಿಂದ ಮಾಡಿದ್ದಳು. ಇನ್ನೂ ಮುಗಿಯಲಿಲ್ಲ ಅಂತೆ. ಚಾರ್ಜ್ ಇಲ್ಲವೋ ಏನೋ."

ಬಾಯಿಂದ ಅದು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು. ಅನಿಲ ತಲೆಯಾಡಿಸಿ ಟಿವಿ ಹಾಕಿದ.

ಸೇವಂತಿ ಬಂದದ್ದು ಎಂಟಕ್ಕೆ. "ಸ್ಟಾಕ್ ಮುಗಿಯುವುದೇ ಇಲ್ಲ ಅಮ್ಮ, ಸಾಕಾಗಿ ಹೋಯ್ತು" ಎಂದಳು. ಕಣ್ಣು ತಪ್ಪಿಸಲಿಲ್ಲ, ಮಾತು ತಡವರಿಸಲಿಲ್ಲ. ಮೂವತ್ತೆಂಟು ವರ್ಷದ ಮಗಳ ಸುಸ್ತಾದ ಮುಖವನ್ನು ಪ್ರಫುಲ್ಲಾ ನೋಡಿದಳು. ಇಷ್ಟು ಚೆನ್ನಾಗಿ ಸುಳ್ಳು ಹೇಳಲು ಎಷ್ಟು ವರ್ಷ ಬೇಕಾಗಿದ್ದೀತು? ಅಷ್ಟು ವರ್ಷವೂ ಎದುರಿಗೆ ಇದ್ದದ್ದು ತಾನೇ ಅಲ್ಲವೇ?

"ಕೈಕಾಲು ತೊಳ್ಕೊ, ಬಡಿಸ್ತೇನೆ" ಎಂದಳು.

ಅಂಗಾರಣ್ಣ ಮತ್ತೆ ಫೋನ್ ಮಾಡುತ್ತಾರೆ, ಇವತ್ತಲ್ಲದಿದ್ದರೆ ಬರುವ ವಾರ. ಆಗ, ನೀವು ನೋಡಿದ್ದು ನನ್ನ ಮಗಳನ್ನಲ್ಲ, ಬೇರೆ ಯಾರನ್ನೋ ಎಂದು ಹೇಳುವುದು. ಎಷ್ಟು ಸಲ ಮಾಡಿದರೂ ಅದನ್ನೇ ಹೇಳುವುದು. ಆ ಕಾಗದಗಳಲ್ಲಿ ಏನಿತ್ತು, ಆ ಗಂಡಸು ಯಾರು ಎಂದು ಮಗಳನ್ನು ಮಾತ್ರ ಕೇಳುವುದಿಲ್ಲ. ಅವಳಾಗಿ ಹೇಳುವ ದಿನ ಬಂದರೆ ಬರಲಿ. ಬಾರದಿದ್ದರೆ, ಕೇಳುವ ಹಕ್ಕನ್ನು ತಾನು ಎಂದೋ ಕಳೆದುಕೊಂಡಾಗಿದೆ.

ಅವಳು ನಾಲ್ಕು ತಟ್ಟೆಗಳನ್ನು ಇಟ್ಟು, ಮಗಳ ತಟ್ಟೆಯ ಶ್ಯಾವಿಗೆಗೆ ಕಾಯಿಹಾಲನ್ನು ಒಂದು ಸೌಟು ಹೆಚ್ಚು ಹಾಕಿದಳು.