ನೂರಕ್ಕೆ ನೂರು

ಪುತ್ತೂರಿನ ಸಭೆಯಲ್ಲಿ ಅಧಿಕಾರಿ ಹತ್ತನೆಯ ತರಗತಿಯ ಫಲಿತಾಂಶ ಓದಿದರು. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಸೇರಿ ನೂರಕ್ಕೆ ತೊಂಬತ್ತು ಪಾಸು. ಕಡಬದ ಹೆಣ್ಣುಮಕ್ಕಳ ಅನಾಥಾಶ್ರಮದ್ದು ನೂರಕ್ಕೆ ನೂರು!

“ಅಪ್ಪ ಅಮ್ಮ ಇದ್ದವರು ಈ ಮಕ್ಕಳನ್ನು ನೋಡಿ ಕಲಿಯಬೇಕು ಮಾರಾಯ್ರೆ. ಮುಂದಿನ ವರ್ಷವೂ ಇದನ್ನು ಬಿಟ್ಟುಕೊಡ್ಬೇಡಿ ಮೇಡಂ” ಎನ್ನುತ್ತ ಆಶ್ರಮದ ವಾರ್ಡನ್ ಪರಮೇಶ್ವರಿಗೆ ಶಾಲು ಹೊದೆಸಿದರು.

ಪರೀಕ್ಷೆಗೆ ಕೂತವರೆಷ್ಟು ಮಂದಿ ಎಂದು ಒಂದು ನರಪಿಳ್ಳೆಯೂ ಕೇಳಲಿಲ್ಲ. ಆಶ್ರಮದ ಐವರಲ್ಲಿ ಕೂತದ್ದು ಸೇವಂತಿ ಒಬ್ಬಳೇ. ಉಳಿದ ನಾಲ್ವರನ್ನು ಶಾಲೆಯ ಹೆಡ್ಮಾಷ್ಟ್ರು ಮೊದಲೇ ತಡೆದಿದ್ದರು.

“ಇವರು ಫೇಲಾದ್ರೆ ಶಾಲೆಯ ಹೆಸರು ಹಾಳಾಗುದು. ಆಮೇಲೆ ಯಾವಾಗಲಾದ್ರೂ ಪ್ರೈವೇಟಾಗಿ ಕಟ್ಟಿಸುವ” ಎಂದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದ್ದರು. ಹೆತ್ತವರಿದ್ದಿದ್ದರೆ ಶಾಲೆಯ ಜಗಲಿ ಹತ್ತಿ ಜಗಳ ಕಾಯುತ್ತಿದ್ದರು. ಈ ಮಕ್ಕಳಿಗೆ ಹೆತ್ತವರ ಜಾಗದಲ್ಲಿ ಇದ್ದವಳು ಪರಮೇಶ್ವರಿ. ಅವಳು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ಬಂದಿದ್ದಳು.

ಸಂಜೆ ಆಶ್ರಮಕ್ಕೆ ಮರಳಿದಾಗ ಆ ನಾಲ್ವರೇ ಸೇವಂತಿಗೆಂದು ಪಾಯಸ ಮಾಡಿಟ್ಟಿದ್ದರು. ಅವರಲ್ಲಿ ಹಿರಿಯಳಾದ ಹರಿಣಾಕ್ಷಿ ಶಾಲಿನ ಅಂಚು ಮುಟ್ಟಿ ನೋಡಿದಳು.

“ಅಕ್ಕ, ನಾವೂ ಬರೆದಿದ್ರೆ?”

ಹರಿಣಾಕ್ಷಿಯಾದರೂ ಪಾಸಾಗುತ್ತಿದ್ದಳು. ಅದು ಪರಮೇಶ್ವರಿಗೆ ಸಹಿ ಹಾಕುವಾಗಲೂ ಗೊತ್ತಿತ್ತು.

“ಪಾಯಸ ತಣ್ಣಗಾಗ್ತದೆ, ಬಡಿಸು” ಎಂದಳು.

ಮಕ್ಕಳು ಸಾಲಾಗಿ ಊಟಕ್ಕೆ ಕೂತರು. ಬರುವ ವರ್ಷ ಹತ್ತಕ್ಕೆ ಹೋಗುವವರು ಆ ತುದಿಯಲ್ಲಿದ್ದರು. ಪರಮೇಶ್ವರಿ ಒಬ್ಬೊಬ್ಬಳ ಮುಖವನ್ನೇ ನೋಡುತ್ತ ಬಂದಳು. ಅವರಲ್ಲಿ ಯಾರನ್ನು ತಡೆಯಬೇಕೆಂದು ಅವಳು ಆಗಲೇ ಆರಿಸತೊಡಗಿದ್ದಳು.