ಗ್ಯಾಸ್ ತೊಳೆಯುವ ಗೋಪುರ, ಒಂದು ಜೊತೆ ಚಪ್ಪಲಿ

ನಲ್ಲಂಪಳ್ಳಿ ದಾಟಿ ಸೇಲಂ ಕಡೆ ಹೋದರೆ, ಗ್ಯಾರೇಜುಗಳು ಬೇಡವೆಂದ ಎಂಜಿನ್ ಆಯಿಲನ್ನು ಕಾಯಿಸಿ ಮತ್ತೆ ಎಣ್ಣೆ ಮಾಡುವ ಸಣ್ಣ ರಿಫೈನರಿಯೊಂದು ಸಿಗುತ್ತದೆ. ಕಾಯಿಸುವಾಗ ಏಳುವ ಗ್ಯಾಸಿಗೆ ಕೊಳೆತ ಮೊಟ್ಟೆಯ ನಾತ. ಮೊದಲು ಅದನ್ನು ಸುತ್ತಲಿನ ಊರಿನವರೇ ಉಸಿರಾಡಿ ಮುಗಿಸುತ್ತಿದ್ದರು. ಹೊಸ ನಿಯಮ ಬಂದಮೇಲೆ ಕಾಸ್ಟಿಕ್ ಸೋಡಾ ಕಲಸಿದ ನೀರಲ್ಲಿ ತೊಳೆದೇ ಚಿಮಣಿಗೆ ಬಿಡಬೇಕೆಂದಾಯಿತು. ಹಳೆಯ ಉಕ್ಕಿನ ಗೋಪುರವನ್ನೇ ಬಗೆದು, ಒಳಗೋಡೆಗೆ ದಪ್ಪ ರಬ್ಬರು ಅಂಟಿಸಿ, ಜಾಲರಿ ಕೂರಿಸಿ, ಮೇಲೆ ನೀರು ಚಿಮ್ಮುವ ಕೊಳವೆ ಜೋಡಿಸಿದವನು ಫಿಟ್ಟರ್ ಅಶ್ವತ್ಥ್.

ಕೆಲಸ ಶುರುವಾದ ದಿನ ಗೋಪುರಕ್ಕೆ ಅರಿಶಿನ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆದಿದ್ದರು. ಅಂದಿನಿಂದ ಅದರೊಳಗೆ ಯಾರೂ ಚಪ್ಪಲಿ ಮೆಟ್ಟಿ ಹೋದವರಿಲ್ಲ. ಬುಡದಲ್ಲಿ ಮನುಷ್ಯ ನುಸುಳುವಷ್ಟು ಒಂದು ದುಂಡು ಬಾಯಿ. ಅದರ ಮುಂದೆ ಎಷ್ಟು ಜೊತೆ ಚಪ್ಪಲಿಯೋ, ಒಳಗೆ ಅಷ್ಟು ಆಳು. ಒಳಗೆ ಹೋದವರ ಹೆಸರು ಬರೆಯಲು ಕಂಪನಿ ಒಂದು ಬೋರ್ಡನ್ನೂ ಕೊಟ್ಟಿತ್ತು. ಅದರಲ್ಲಿ ಕ್ಯಾಂಟೀನಿನವರು ಅವತ್ತಿನ ಸಾಂಬಾರು ಯಾವುದೆಂದು ಬರೆಯುತ್ತಿದ್ದರು.

ಪೊಲ್ಯೂಷನ್ ಬೋರ್ಡಿನ ಆಫೀಸರ್ ಮಾಲತಿ ಪರೀಕ್ಷೆಗೆ ಬರುವ ದಿನ ಅಶ್ವತ್ಥ್ ತನ್ನ ಭಾಮೈದ ಪಳನಿಯನ್ನು ಕರೆದ.

"ಲೇ ಪಳನಿ, ಜಾಲರಿದು ಒಂದು ನಟ್ ಲೂಸ್ ಐತೆ. ಬಾಯ್ತಾವೇ ಇರು, ಎಲ್ಲೂ ಓಗ್‌ಬ್ಯಾಡ."

"ಓಗು ಬಾವಾ. ಒಳಗೆ ತಂಪು ಅಂತ ಮನಿಕೊಂಡ್‌ಬುಟ್ಟೀಯ."

ಅಶ್ವತ್ಥ್ ಒಳಗೆ ನುಸುಳಿದನೋ ಇಲ್ಲವೋ, ಮ್ಯಾನೇಜರ್ ಚಿನ್ನರಾಜ್ ದೂರದಿಂದ ಕೂಗಿದ: "ಪಳನೀ! ಎಳನೀರು ಎಲ್ಲಲಾ? ಮೇಡಂ ಗೇಟ್‌ತಾವ ಬಂದವ್ರೆ!"

ಪಳನಿ ಓಡಿದ. ಚಿನ್ನರಾಜ್ ಏಸಿ ರೂಮಿನಿಂದ ಅಪರೂಪಕ್ಕೆ ಕೆಳಗಿಳಿಯುವ ಮನುಷ್ಯ, ಚಪ್ಪಲಿಯ ಲೆಕ್ಕ ಅವನಿಗೆ ಗೊತ್ತಿರಲಿಲ್ಲ. ಹತ್ತಿರ ಬಂದಾಗ ಗೋಪುರದ ಬಾಯಲ್ಲಿ, 'ಸೇಫ್ಟಿ ಶೂ ಕಡ್ಡಾಯ' ಎಂಬ ಬೋರ್ಡಿನ ಅಡಿಯಲ್ಲೇ, ಪಟ್ಟಿಗೆ ತಂತಿ ಸುತ್ತಿದ ಹವಾಯಿ ಚಪ್ಪಲಿ ಕಂಡಿತು. ಎರಡು ಬೆರಳಲ್ಲಿ ಎತ್ತಿ, ಡ್ರಮ್ ಶೆಡ್ಡಿನ ಹಿಂದಕ್ಕೆ ಒಯ್ದು ಎಸೆದ.

ಎಳನೀರು ಕೊಟ್ಟು ಬಂದ ಪಳನಿ ನೋಡಿದ. ಚಪ್ಪಲಿ ಇಲ್ಲ, ಅಂದಮೇಲೆ ಬಾವ ಟೀಗೆ ಹೋಗಿರಬೇಕು. ಬಗ್ಗಿ ಒಂದು ಸಲ ಕೂಗಬಹುದಿತ್ತು. ಆದರೆ ಚಪ್ಪಲಿಯನ್ನು ಅನುಮಾನಿಸಿದವರು ಅಲ್ಲಿ ಈವರೆಗೆ ಯಾರೂ ಇರಲಿಲ್ಲ. ಬಾಯಿಗೆ ಮುಚ್ಚಳ ಇಟ್ಟು ಬೋಲ್ಟು ಬಿಗಿದ.

ಒಳಗೆ ಕತ್ತಲಾಯಿತು. "ಲೇ ಪಳನೀ!" ಎಂದು ಅಶ್ವತ್ಥ್ ಅರಚಿದ. ಉತ್ತರವಾಗಿ ಪಂಪು ಗುಡುಗಿತು. ತಲೆಯ ಮೇಲೆ ನೀರು ಸುರಿಯತೊಡಗಿತು. ಪರೀಕ್ಷೆಯ ಕ್ರಮ ಅವನಿಗೆ ಬಾಯಿಪಾಠ: ಮೊದಲು ಬರೀ ನೀರು, ಆಮೇಲೆ ಕಾಸ್ಟಿಕ್, ಕೊನೆಗೆ ಗ್ಯಾಸ್. ನೀರಾದರೆ ನೆನೆಯಬಹುದು. ಕಾಸ್ಟಿಕ್ ಚರ್ಮ ಸುಲಿಯುತ್ತದೆ. ಗ್ಯಾಸಿಗೆ ಆ ಕೆಲಸವೂ ಇಲ್ಲ, ನಾಲ್ಕು ಉಸಿರು ಸಾಕು.

ಸ್ಪ್ಯಾನರಿನಿಂದ ಗೋಡೆ ಬಡಿದ. ತಾನೇ ಮುತುವರ್ಜಿಯಿಂದ ಅಂಟಿಸಿದ ರಬ್ಬರು. ಎಮ್ಮೆಯ ಬೆನ್ನು ತಟ್ಟಿದಷ್ಟು ಸದ್ದು ಬಂತು.

"ಎನ್ನ ಸತ್ತಂ ಅದು?" ಹೊರಗೆ ಮಾಲತಿ ತಮಿಳಲ್ಲಿ ಕೇಳಿದಳು, ಏನದು ಸದ್ದು ಎಂದು.

"ಪೈಪಲ್ಲಿ ಗಾಳಿ ಮೇಡಂ," ಎಂದ ಚಿನ್ನರಾಜ್. "ಹೊಸದಲ್ವಾ, ಸರಿಯೋಗ್ತೈತೆ."

ಒಳಗೆ ಅಶ್ವತ್ಥನ ಕಾಲಿಗೆ ನೀರು ಹೊರಹೋಗುವ ತೂತು ಸಿಕ್ಕಿತು. ಹೊರಗೋಡೆಯ ಗಾಜಿನ ಕೊಳವೆಯಲ್ಲಿ ಒಳಗಿನ ನೀರಿನ ಮಟ್ಟ ಕಾಣುತ್ತದೆ ಎಂಬುದು ನೆನಪಾಯಿತು. ಶರ್ಟು ಬಿಚ್ಚಿ ತೂತಿಗೆ ತುರುಕಿದ. ಮೇಲೆ ಟವೆಲ್ಲನ್ನೂ ಗಿಡಿದ. ತಾನು ಕಟ್ಟಿದ್ದನ್ನು ತಾನೇ ಕೆಡಿಸಿ, ಅದರ ಮೇಲೆ ಕುಳಿತ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು.

ಹೊರಗೆ ಚಿನ್ನರಾಜ್ ಕೇಳಿದ: "ಕಾಸ್ಟಿಕ್ ಬಿಡ್ಸ್ಲಾ ಮೇಡಂ?"

ಮಾಲತಿ ಗಾಜಿನ ಕೊಳವೆ ನೋಡುತ್ತಿದ್ದಳು. "ವೇಂಡಾಂ, ಬೇಡ. ನೀರು ಏರ್ತಾನೇ ಇದೆ, ಇಳೀತಿಲ್ಲ. ನಿಲ್ಲಿಸಿ. ಮುಚ್ಚಳ ತೆಗೀರಿ."

ಬೋಲ್ಟು ಸಡಿಲಾಗಿ ಮುಚ್ಚಳ ಬಿದ್ದಾಗ ಮೊದಲು ನೀರು ಬಂತು, ಹಿಂದೆಯೇ ಬರಿಮೈಯ ಅಶ್ವತ್ಥ್. ಬಂದು ನಿಂತದ್ದು ಮೇಡಂ ಬೂಟಿನ ಹತ್ತಿರ.

ಪಳನಿ ಓಡಿಬಂದು ಅವನ ತೋಳು ಹಿಡಿದ. "ಚಪ್ಪಲಿ ಇರ್ನಿಲ್ಲ ಬಾವಾ... ದೇವ್ರಾಣೆ ಇರ್ನಿಲ್ಲ."

"ಯಾರು ಒಳಗೆ ಕಳಿಸಿದ್ದು?" ಎಂದಳು ಮಾಲತಿ.

"ಏಳ್ದೆ ಕೇಳ್ದೆ ತಾನೇ ಓಗವ್ನೆ ಮೇಡಂ," ಎಂದ ಚಿನ್ನರಾಜ್. "ಅಲ್ವೇನಪ್ಪಾ?" ಅವನ ಬಾಯಲ್ಲಿ 'ಅಪ್ಪಾ' ಬಂದದ್ದು ಅದೇ ಮೊದಲು.

ಹೌದೆಂದರೆ ಅಶ್ವತ್ಥನ ಕೆಲಸ ಹೋಗುತ್ತದೆ. ಅಲ್ಲವೆಂದರೆ ಗೇಟಿಗೆ ಬೀಗ, ಪಳನಿಯ ಕೆಲಸವೂ ಅದರೊಟ್ಟಿಗೆ. ಈಗ ಸಿಕ್ಕಿಬಿದ್ದ ಈ ಎರಡನೇ ಗೋಪುರಕ್ಕೆ ಬಾಯಿಯೇ ಇರಲಿಲ್ಲ, ತುರುಕೋಣವೆಂದರೆ ಇನ್ನೊಂದು ಶರ್ಟೂ ಇಲ್ಲ.

"ಏಳ್ತೀನಿ ಮೇಡಂ. ಮೊದ್ಲು ನನ್ ಚಪ್ಪಲಿ ಉಡುಕ್ಸಿ. ಸಿಮೆಂಟು ಕಾಲು ಸುಡ್ತೈತೆ."

ಎಲ್ಲರೂ ಹುಡುಕಿದರು. ಏಣಿಯ ಕೆಳಗೆ, ಪಂಪಿನ ಸಂದಿಯಲ್ಲಿ, ಕ್ಯಾಂಟೀನಿನ ಹೊಸ್ತಿಲಲ್ಲಿ. ಮಾಲತಿ ಕಾದಳು. ಕೊನೆಗೆ ಚಿನ್ನರಾಜ್ ಯಾರ ಮುಖವನ್ನೂ ನೋಡದೆ ನೇರ ಡ್ರಮ್ ಶೆಡ್ಡಿನ ಹಿಂದೆ ಹೋಗಿ, ಎರಡು ಬೆರಳಲ್ಲಿ ಹಿಡಿದು ತಂದ. ಅವಳು ಆ ಬೆರಳುಗಳನ್ನು ನೋಡಿದಳು. ಅಶ್ವತ್ಥನನ್ನು ಮತ್ತೆ ಏನೂ ಕೇಳಲಿಲ್ಲ.

"ಗೋಪುರದ ಬಾಯಿ ಮುಚ್ಲಾ ಬಾವಾ?" ಎಂದ ಪಳನಿ, ಸಣ್ಣ ದನಿಯಲ್ಲಿ.

"ನನ್ ಶರ್ಟು ಒಳಗೇ ಐತಲ್ಲಲಾ."

ಪಳನಿ ಗೋಪುರದ ಮುಂದೆ ತನ್ನ ಚಪ್ಪಲಿ ಬಿಟ್ಟ. ಒಂದು ಕ್ಷಣ ಚಿನ್ನರಾಜನನ್ನು ನೋಡಿದ. ಮತ್ತೆ ಚಪ್ಪಲಿಯನ್ನು ಕೈಗೆತ್ತಿಕೊಂಡು ಹೋಗಿ ಮಾಲತಿಯ ಬೂಟುಗಳ ಪಕ್ಕ ಜೋಡಿಸಿಟ್ಟು ಒಳಗೆ ನುಸುಳಿದ. ಅವನು ಹೊರಗೆ ಬರುವವರೆಗೂ ಮೇಡಂ ಅಲ್ಲಿಂದ ಕದಲಲಿಲ್ಲ.